ನರ್ಸಬಾಯಾರಿಗೆ ನಮ್ಮೂರು ಮಾಡಿದ ಸತ್ಕಾರ

ನಮ್ಮ ಕಡೆಯ ಮಂದಿಗೆ ಒಂದು ಚಟ ಐತಿ. ಯಾರಾದರೂ ತಮಗೆ ಒಳ್ಳೇದು ಮಾಡಿದರೆ ಸುಮ್ಮನೆ ಬಿಡುವವರಲ್ಲ. ಬೆನ್ನು ಹತ್ತಿ, ಓಡಾಡಿಸಿ, ಮೂಲಿಗೆ ಒತ್ತಿ ಹಿಡಿದು ಸತ್ಕಾರ ಮಾಡಿಯೇ ತೀರುತ್ತಾರೆ. ಕೆಟ್ಟದ್ದು ಮಾಡಿದವನು ಊರ ತುಂಬ ಆರಾಮಾಗಿ ಅಡ್ಡಾಡಿಕೊಂಡಿರುತ್ತಾನೆ, ಅವನ ತಂಟೆಗೆ ಯಾರೂ ಹೋಗುವುದಿಲ್ಲ. ಇದು ನಿನ್ನೆ ಮೊನ್ನೆಯದಲ್ಲ, ನನಗೆ ಬುದ್ಧಿ ಬಂದಾಗಿನಿಂದ ನಡೆದೇ ಐತಿ.

ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿಗೊಂದು ಸರಕಾರಿ ದವಾಖಾನಿ. ಅದರೊಳಗೆ ಒಬ್ಬರು ಡಾಕ್ಟರ್ ಸಾಹೇಬರು, ಒಬ್ಬರು ನರ್ಸಬಾಯಿ, ಮತ್ತು ನಾನು. ಹೆಸರಿಗೆ ಪಟ್ಟೇವಾಲಾ, ಅಂದರೆ ಜವಾನ. ಖರೇ ಹೇಳಬೇಕಂದರೆ ದವಾಖಾನಿ ನಿಂತದ್ದೇ ನನ್ನ ಹೆಗಲ ಮೇಲೆ. ಒಮ್ಮೆ ಬಿರುಗಾಳಿಗೆ ಮೇಲಿನ ಮಾಡು ಎದ್ದು ಹಾರಲು ಹತ್ತಿದಾಗ ಗಾಳಿ ನಿಲ್ಲುವ ತನಕ ತೊಲಿ ಜಗ್ಗಿ ಹಿಡಿದು ನಿಂತವನು ನಾನು. ಅದೂ ಒಂದೇ ಕೈಯಿಂದ. ಇನ್ನೊಂದು ಕೈಯಲ್ಲಿ ಚಹಾ ಇತ್ತು.

ಸಾಲಿಯ ಕಟ್ಟೆ ಹತ್ತಿದವನಲ್ಲ ನಾನು. ದವಾಖಾನಿಯ ಗೋಡಿಗೆ ಕೆಂಪು ಬಣ್ಣದಲ್ಲಿ ಎರಡು ಮಕ್ಕಳು ಸಾಕು ಅಂತ ಬರೆದಿದ್ದರಲ್ಲ, ಅದನ್ನು ದಿನಾ ನೋಡಿ ನೋಡಿ ಅಕ್ಷರ ಕೂಡಿಸಲು ಕಲಿತೆ. ಪೂರಾ ಓದಲು ಬರುವಷ್ಟರಲ್ಲಿ ನನಗೆ ಏಳು ಮಕ್ಕಳಾಗಿದ್ದವು.

ಇರಲಿ. ಈಗ ಹೇಳಹೊರಟದ್ದು ನಮ್ಮ ನರ್ಸಬಾಯಾರ ಸಂಗತಿ. ಅವರ ಗಂಡ ಬೀಳಗಿಯಲ್ಲಿ ಸಾಲಿ ಮಾಸ್ತರು. ಸಣ್ಣ ಮಗಳು ಅಲ್ಲೇ ಅಪ್ಪನ ಹತ್ತಿರ, ಅಜ್ಜಿಯ ಕೈಯಲ್ಲಿ ಬೆಳೆಯುತ್ತಿತ್ತು. ಬಾಯಾರಿಗೆ ಇದ್ದದ್ದು ಒಂದೇ ಆಸೆ, ಬೀಳಗಿಗೆ ಬದ್ಲಿ ಆಗಬೇಕು, ಮಗಳ ಜೋಡಿ ಇರಬೇಕು. ಅದಕ್ಕೆ ಅಡ್ಡ ಬಂದವರು ವೈರಿಗಳಲ್ಲ, ಸರಕಾರವೂ ಅಲ್ಲ. ಅವರನ್ನು ದೇವರ ಹಾಗೆ ಕಾಣುತ್ತಿದ್ದ ನಮ್ಮೂರ ಮಂದಿ.

ಕೈಗುಣ

ನಮ್ಮೂರ ಗೌಡರ ಅವ್ವ ಜ್ವರ ಬಂದು ಮಲಗಿದಳು. ಮನಿಯವರು ಆಸೆ ಬಿಟ್ಟು ಬೀಗರಿಗೆಲ್ಲ ಹೇಳಿ ಕಳಿಸಿ, ಬಂದವರಿಗೆ ಅಡಿಗಿಗೂ ಇಟ್ಟಿದ್ದರು. ಸುದ್ದಿ ತಿಳಿದ ಬಾಯಾರು ನನ್ನನ್ನು ಓಡಿಸಿದರು. ನಾನು ಮುದುಕಿಯನ್ನು ಹೊರಸಿನ ಸಮೇತ ತಲಿಯ ಮೇಲೆ ಇಟ್ಟುಕೊಂಡು ಬಂದೆ. ದಾರಿಯಲ್ಲಿ ಒಂದು ಎತ್ತಿನ ಬಂಡಿಯನ್ನು ಹಿಂದೆ ಹಾಕಿದೆ.

ಡಾಕ್ಟರ್ ಸಾಹೇಬರು ಔಷಧ ಬರೆದರು. ಮುದುಕಿ ಬಾಯಿ ತೆರೆಯಲೊಲ್ಲಳು. ಬಾಯಾರು ಅವಸರ ಮಾಡಲಿಲ್ಲ. ಪಕ್ಕದಲ್ಲಿ ಕುಂತು ಆಕೆಯ ಜಡೆಗಟ್ಟಿದ ತಲಿ ಬಾಚಿದರು, ಹೆರಳು ಹಾಕಿದರು, ಒದ್ದೆ ಅರಿವೆಯಿಂದ ಮುಖ ಒರೆಸಿದರು. ಆಮೇಲೆ ಕಿವಿಯ ಹತ್ತಿರ ಬಾಗಿ ಕೇಳಿದರು.

“ಯವ್ವಾ, ನಿಮ್ಮ ಎಮ್ಮಿ ಹೆಸರೇನ್ರಿ?”

ಮುದುಕಿ ಕಣ್ಣು ತೆರೆದಳು. “ಗಂಗಿ.”

“ಗಂಗೀ ಹಾಲು ಕುಡದಿರೇನ್ರಿ ಇವತ್ತ?”

“ನನ್ನ ಸೊಸಿ ಎಲ್ಲಿ ಕೊಡ್ತಾಳ ಬೇ!” ಅಂತ ಮುದುಕಿ ಸಿಟ್ಟಿಗೆ ಎದ್ದೇ ಕುಂತಳು. ಆ ಸಿಟ್ಟಿನಲ್ಲಿ ಔಷಧ ಕುಡಿದಳು, ಗಂಜಿ ಕುಡಿದಳು, ಮತ್ತೊಂದಿಷ್ಟು ಗಂಜಿ ಕೇಳಿದಳು. ಆಕೆ ಮನಿಗೆ ಹೋದಾಗ ಬೀಗರು ಇನ್ನೂ ಊಟಕ್ಕೆ ಕುಂತೇ ಇದ್ದರು.

ಅಲ್ಲಿಂದ ಶುರುವಾತು ನೋಡ್ರಿ. ಬಾಯಾರ ಕೈಗುಣ ಭಾಳ ಛಲೋ ಅಂತ ಊರೂರು ಹಬ್ಬಿತು. ಅವರು ರೋಗಿಯ ಜೋಡಿ ಮಾತಾಡಿಕೋತ, ತೋಳು ಸವರಿಕೋತ, ಹೊಲದ ಸುದ್ದಿ ಮಕ್ಕಳ ಸುದ್ದಿ ಕೇಳಿಕೋತ ಸೂಜಿ ಮಾಡಿ ಮುಗಿಸುತ್ತಿದ್ದರು. ನೋವಾಯಿತು ಅನ್ನಲು ರೋಗಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಅದನ್ನು ನೋಡಿದವನು ನಾನು. ಆದರೆ ನಮ್ಮ ಮಂದಿಗೆ ಮನಸ್ಸು ಕಾಣುವುದಿಲ್ಲ, ಕೈ ಅಷ್ಟೇ ಕಾಣುತ್ತದೆ.

ಡಾಕ್ಟರ್ ಸಾಹೇಬರು ಸೂಜಿ ಮಾಡಿದರೆ ಮಂದಿ ಹೊರಗೆ ಬಂದು ಮತ್ತೆ ಪಾಳಿ ಹಿಡಿದು ನಿಲ್ಲುತ್ತಿದ್ದರು. “ಸಾಹೇಬ್ರು ಮಾಡಿದ್ದು ಆತ್ರಿ. ಈಗ ಖರೇ ಸೂಜಿ ಮಾಡ್ರಿ ಬಾಯಾರ.”

ಸಾಹೇಬರಿಗೆ ಉರಿದುಹೋಯಿತು. ಕಟ್ಟೆಯ ಮೇಲೆ ನಿಂತು ಒದರಿದರು. “ಕೈಗುಣ ಗೀಗುಣ ಏನೂ ಇಲ್ಲ. ಔಷಧ ಒಂದೇ, ಸೂಜಿ ಒಂದೇ. ಮೂಢರಿದ್ದೀರಿ ನೀವು!”

ಮುಂದೆ ಸ್ವಲ್ಪ ದಿನಕ್ಕೆ ಸಾಹೇಬರಿಗೇ ಥಂಡಿ ಜ್ವರ. ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ಬೇರೆ ಊರಿನ ಡಾಕ್ಟರು ಬಂದು ಸೂಜಿ ತೆಗೆದರೆ ಇವರು ತೋಳು ಒಳಗೆ ಎಳೆದುಕೊಂಡು ನನ್ನನ್ನು ಕರೆದರು.

“ಏ, ಬಾಯಾರನ್ನ ಕರಿಯೋ. ಮತ್ತ ಈ ಮಾತು ಊರಾಗ ಯಾರಿಗೂ ಹೇಳಬ್ಯಾಡ.”

ಊರಾಗ ಯಾರಿಗೂ ಹೇಳಲಿಲ್ಲ. ಜಮಖಂಡಿಯವರಿಗೆ ಹೇಳಿದೆ ಅಷ್ಟೇ.

ಬನಹಟ್ಟಿಯ ಮಗ್ಗ

ಬಾಯಾರಿಗೆ ಹದಿನೈದು ದಿನಕ್ಕೊಮ್ಮೆ ಸೂಟಿ. ಆ ದಿನ ಬೀಳಗಿಗೆ ಹೋಗಬೇಕು. ಒಂದು ಸಲ ಮಗಳಿಗೆ ಹೊಲಿಸಿದ ಲಂಗ ಚೀಲದಲ್ಲಿ ಇಟ್ಟುಕೊಂಡು ಬಾಗಿಲು ತೆರೆದರೆ ಎದುರಿಗೆ ಕಾರು. ಅದರೊಳಗೆ ಬನಹಟ್ಟಿಯ ಒಬ್ಬ ಸಾವಕಾರ. ಅವನ ಹೆಂಡತಿಯ ಬಾಣಂತನ ಕಠಿಣವಾದಾಗ ಬಾಯಾರು ಹಗಲೂ ರಾತ್ರಿ ನೋಡಿಕೊಂಡಿದ್ದರು.

“ಬಾಯಾರ, ಇವತ್ತ ಹೊಸಾ ಮಗ್ಗ ಚಾಲೂ ಮಾಡಾಕತ್ತೀವ್ರಿ. ಯಾರರೆ ಮಂತ್ರೀನ ಕರೀರಿ ಅಂದ್ರು. ಮಂತ್ರೀ ಕೈ ತಗೊಂಡು ಏನು ಮಾಡೂದೈತಿ, ಬಾಯಾರ ಕೈ ಹತ್ತಲಿ ಅಂದೆ ನಾ.”

“ನನಗ ಬೀಳಗಿ ಬಸ್ಸು ಐತ್ರಿ ಅಣ್ಣಾರ. ಮಗಳು ಹಾದಿ ಕಾಯ್ತಿರ್ತಾಳ.”

“ಎಷ್ಟೊತ್ತಿನ ಮಾತ್ರಿ? ಗುಂಡಿ ಒತ್ತೂದು, ಬರೂದು.”

ದವಾಖಾನಿಯ ಮಾನದ ಪ್ರಶ್ನೆ ಅಂತ ನಾನೂ ಕಾರು ಹತ್ತಿದೆ. ಬಾಯಾರು ಗುಂಡಿ ಒತ್ತಿದರು, ಪಾವರಲೂಮು ಧಡಧಡ ಶುರುವಾಯಿತು. ಮಂದಿ ಚಪ್ಪಾಳೆ ಹೊಡೆದರು. ಬಾಯಾರು ಚೀಲ ಎತ್ತಿಕೊಂಡರು. ಅಷ್ಟರಲ್ಲಿ ಪಕ್ಕದ ಮನಿಯವನು ಕೈ ಮುಗಿದ, ನಮ್ಮ ಮಗ್ಗಕ್ಕೂ ಒಂದು ಕೈ ಹಚ್ಚಿ ಹೋಗ್ರಿ ಅಂದ. ಅವನದಾದ ಮೇಲೆ ಅವನ ಬೀಗನದು. ಬೀಗನದಾದ ಮೇಲೆ ನೂಲಿನ ಅಂಗಡಿಯವನು ತನ್ನ ಗಲ್ಲಾಪೆಟ್ಟಿಗಿಗೆ ಮುಟ್ಟಿಸಿಕೊಂಡ. ಬಸ್ಸು ಎಂದೋ ಹೋಯಿತು.

ಕಡೆಯ ಮನಿಯಲ್ಲಿ ಮಗ್ಗ ನಿಂತಿತ್ತು. “ನಡೀವಲ್ದರಿ ಬಾಯಾರ. ಮೇಸ್ತ್ರಿಗೋಳು ಬಂದು ಸೋತು ಹೋದ್ರು.”

ಬಾಯಾರಿಗೆ ಅಷ್ಟೊತ್ತಿಗೆ ಸಾಕಾಗಿಹೋಗಿತ್ತು. “ಇದಕ್ಕೇನು ಜ್ವರ ಬಂದೈತೇನ್ರಿ, ನಾ ನೋಡಾಕ?” ಅಂತ ಅದರ ಮೇಲೆ ಫಟ್ಟನೆ ಒಂದು ಏಟು ಬಡಿದರು. ಮಗ್ಗ ಶುರುವಾಯಿತು! ಅಷ್ಟೇ ಅಲ್ಲ, ಇಡೀ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಗದ್ದಲ ಎಬ್ಬಿಸಿದವು. ಆಗಿದ್ದು ಇಷ್ಟೇ, ಹೋಗಿದ್ದ ಕರೆಂಟು ಅದೇ ಹೊತ್ತಿಗೆ ಬಂದಿತ್ತು. ನಾನು ಹೇಳಿದೆ, ಯಾರು ಕೇಳುತ್ತಾರೆ? ಗಂಡಸರು ಹೆಂಗಸರು ಎಲ್ಲ ಬಾಯಾರ ಕಾಲಿಗೆ ಬೀಳಲು ಹತ್ತಿದರು. ಬಾಯಾರು ಬ್ಯಾಡ್ರಿ ಬ್ಯಾಡ್ರಿ ಅಂತ ಕೈ ಹಿಂದಕ್ಕೆ ತೆಗೆದುಕೊಂಡರು. ಅದೇ ಹೊತ್ತಿಗೆ ಕರೆಂಟು ಮತ್ತೆ ಹೋಯಿತು.

ಓಣಿಯೆಲ್ಲ ಗಪ್ ಚಿಪ್. ಮಗ್ಗದವನು ಬಾಯಾರ ಮುಂದೆ ಮಣಕಾಲೂರಿ ಕೈ ಮುಗಿದ. “ಯವ್ವಾ, ಕುಂಡ್ರಾಕ ಕುರ್ಚಿ ಹಾಕ್ತೀನಿ. ಹಂಗ ಮುಟಗೊಂಡ ಇರ್ರಿ, ಎರಡು ಸೀರಿ ಇಳೀಲಿ.”

ಬೀಳಗಿಯ ಬಸ್ಸು

ಮುಂದಿನ ಸೂಟಿಗೆ ನಾನೇ ಮುಂದಾದೆ. ಬಾಯಾರನ್ನು ಹಿತ್ತಲ ಬಾಗಿಲಿನಿಂದ ಹೊರಡಿಸಿ, ಮುಖದ ಮೇಲೆ ಸೆರಗು ಎಳೆಸಿ, ಬಸ್ಸಿನ ಮೂಲಿಯಲ್ಲಿ ಕೂಡಿಸಿ, ಅಡ್ಡಲಾಗಿ ನಾನು ಕುಂತೆ. ನಾನು ಅಡ್ಡ ಕುಂತರೆ ಗುಡ್ಡವೂ ಕಾಣುವುದಿಲ್ಲ. ಆದರೂ ಮಹಾಲಿಂಗಪುರದ ಸ್ಟ್ಯಾಂಡಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಕಣ್ಣಿಗೆ ಬಿದ್ದೇಬಿಟ್ಟರು.

“ಅಯ್ಯ, ಬಾಯಾರ! ನಮ್ಮ ಮೊಮ್ಮಗನ್ನ ಉಳಿಸಿದ ತಾಯಿ!” ಅಂತ ಓಡಿಹೋಗಿ ದೊಡ್ಡದೊಂದು ಬೆಲ್ಲದ ಪೆಂಟಿ ಹೊತ್ತು ತಂದು ಬಾಯಾರ ತೊಡಿಯ ಮೇಲೆ ಇಟ್ಟ. ಬಾಯಾರಿಗೆ ಅಲ್ಲಾಡಲು ಬರದಂತಾಯಿತು. ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತಾಯಿತು. ಇನ್ನೇನು, ಹಿಂದಿನವ ನಾಲಿಗಿ ತೋರಿಸಿದ, ಮುಂದಿನವ ಕಣ್ಣು ತೋರಿಸಿದ. ಕಂಡಕ್ಟರ್ ತಿಕೀಟು ಕೊಡುವುದು ಬಿಟ್ಟು ಪಾಳಿ ಹಚ್ಚಿದ. ಡ್ರೈವರ್ ತನ್ನ ಮನಿಯ ಮುಂದೆ ಬಸ್ಸು ನಿಲ್ಲಿಸಿ ಅವ್ವನ ಮಣಕಾಲು ತೋರಿಸಿದ. ಯಾರಾದರೂ ತಡವಾಯಿತು ಅಂದರೋ? ಇಲ್ಲ. ಎಲ್ಲರೂ ಇಳಿದು ಮಣಕಾಲು ನೋಡಿ ಬಂದರು.

ಮುಧೋಳದಲ್ಲಿ ಬಸ್ಸು ಬದಲಿಸಿ ಬೀಳಗಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಹಿಂದಿರುಗುವ ಕಡೆಯ ಬಸ್ಸು ಆಗಲೇ ಹೊಗಿ ಬಿಡುತ್ತ ನಿಂತಿತ್ತು. ಕಂಡಕ್ಟರನ ಕೈ ಕಾಲು ಹಿಡಿದು ನಿಲ್ಲಿಸಿ, ಮನಿಗೆ ಓಡಿದೆವು.

ಹೊಸ್ತಿಲಲ್ಲಿ ಮಗಳು ಆಡುತ್ತಿತ್ತು. ಬಾಯಾರನ್ನು ನೋಡಿತು. ಒಂದು ಕೈಯಿಂದ ಇನ್ನೊಂದು ತೋಳು ಮುಚ್ಚಿಕೊಂಡು ಒಳಗೆ ಓಡಿತು.

“ಅಪ್ಪಾ, ಸೂಜಿ ಬಾಯಾರು ಬಂದಾರ! ನನಗ ಜ್ವರ ಇಲ್ಲ ಅಂತ ಹೇಳು!”

ಮಾಸ್ತರು ನಕ್ಕರು. ಬಾಯಾರೂ ನಕ್ಕರು. ಲಂಗ ಕೊಟ್ಟರೆ ಕೂಸು ದೂರ ನಿಂತು ತುದಿಬೆರಳಿನಿಂದ ಇಸಿದುಕೊಂಡಿತು. ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಬಾರಿಸಿದ.

ಬರುವಾಗ ಬಾಯಾರು ಕಿಡಕಿಯ ಹೊರಗೆ ನೋಡುತ್ತ ಕುಂತಿದ್ದರು. ಭಾಳ ದೂರ ಬಂದ ಮೇಲೆ ಒಂದೇ ಮಾತು ಅಂದರು. “ಕಾಕಾ, ನನ್ನ ಕೂಸು ನನ್ನ ನೋಡಿ ತೋಳು ಮುಚಗೊಂಡಳ್ರಿ.”

ಮಾತಿನಲ್ಲಿ ನನ್ನನ್ನು ಗೆದ್ದವರು ಸುತ್ತಿನ ನಾಲ್ಕು ತಾಲೂಕಿನಲ್ಲಿ ಇಲ್ಲ. ಅವತ್ತು ಮಾತ್ರ ನಾನು ಸೀಟಿನ ಹರಕಿನಿಂದ ಹತ್ತಿ ಕೀಳುತ್ತ ಕುಂತೆ. ಆಗ ಹಿಂದಿನ ಸೀಟಿನಿಂದ ಒಂದು ಕೈ ಬಂದು ಬಾಯಾರ ಹೆಗಲು ಮುಟ್ಟಿತು. ಪುಣ್ಯಾತ್ಮರು ಯಾರೋ ಸಮಾಧಾನ ಹೇಳುತ್ತಾರೆ ಅಂತ ನಾನು ತಿರುಗಿದೆ.

“ಬಾಯಾರ, ಹೆಂಗೂ ಖಾಲಿ ಕುಂತೀರಿ. ಈ ನಾಡಿ ಒಂದೀಟು ನೋಡ್ರೆಲಾ.”

ಬಾಯಾರು ಕಣ್ಣು ಒರೆಸಿಕೊಂಡು, ತಿರುಗಿ, ಆ ಕೈ ಹಿಡಿದು, “ಎಷ್ಟು ದಿನಾತ್ರಿ ಹಿಂಗಾಗಿ?” ಅಂತ ಕೇಳಿದರು. ನನಗೆ ಬಸ್ಸಿನಿಂದ ಜಿಗಿಯಬೇಕು ಅನ್ನಿಸಿತು.

ಬದ್ಲಿ ತಪ್ಪಿಸಿದ ಶೂರರು

ಕಡೀಕೆ ಬದ್ಲಿ ಆರ್ಡರ್ ಬಂತು. ಬೀಳಗಿಗೇ! ಬಾಯಾರು ಹಾಡುತ್ತ ಟ್ರಂಕು ತುಂಬಿದರು. ಅವರ ದನಿ ಅಷ್ಟು ಛಲೋ ಐತಿ ಅಂತ ನನಗೆ ಅವತ್ತೇ ಗೊತ್ತಾದದ್ದು.

ಊರಿಗೆ ಸುದ್ದಿ ಹೋಯಿತು. ಗೌಡರು ಚಾವಡಿಯಲ್ಲಿ ಎದ್ದು ನಿಂತರು. “ನಮ್ಮ ಅವ್ವನ ಜೀವಾ ಉಳಿಸಿದವರನ್ನ ಹಿಂಗ ಎತ್ತಿ ಒಗೀತಾರಂದ್ರ ನಾವೇನು ಬಳಿ ತೊಟ್ಟೀವೇನು? ಕಟ್ರಿ ಲಾರಿ!”

ನಾನು ಅಡ್ಡ ನಿಂತೆ. “ಗೌಡ್ರ, ಬಾಯಾರೇ ಬೇಡಿ ತಗೊಂಡಾರ್ರಿ. ಮಗಳ ಕಡೆ ಹೊಂಟಾರ್ರಿ.”

“ನಿನಗ ತಿಳಿಯಾಂಗಿಲ್ಲ ಸುಮ್ಮಕಿರು. ಸಂಕೋಚದ ಮಂದಿ ಅವರು. ಇಲ್ಲೇ ಇರ್ತೀನಿ ಅಂತ ಬಾಯಿ ಬಿಟ್ಟು ಹೆಂಗ ಹೇಳ್ಯಾರು?”

ಲಾರಿ ತುಂಬ ಮಂದಿ ವಿಜಾಪುರಕ್ಕೆ ಹೋದರು. ಅಲ್ಲಿಯ ಜಿಲ್ಲಾ ಆರೋಗ್ಯ ಆಫೀಸಿನ ದೊಡ್ಡ ಸಾಹೇಬರಿಗೆ ಆವರೆಗೆ ನರ್ಸ ಬೇಡ, ಡಾಕ್ಟರ್ ಬೇಡ ಅಂತ ಜಗಳಾಡಲು ಬಂದವರೇ ಗೊತ್ತು. ಬೇಕು ಅಂತ ಬಂದವರನ್ನು ಕಂಡು ಅವರ ಕಣ್ಣಲ್ಲಿ ನೀರು ಬಂತು. ಇಂಥ ಸೇವಾ ಮಾಡಿದ ನರ್ಸನ್ನು ಊರಿಂದ ಅಗಲಿಸಬಾರದು ಅಂತ ನಿಂತ ನಿಲುವಿನಲ್ಲಿ ಆರ್ಡರ್ ರದ್ದು ಮಾಡಿದರು.

ಸಂಜಿಗೆ ಹಲಗಿ ಬಾರಿಸುತ್ತ, ಗುಲಾಲು ಹಾರಿಸುತ್ತ ಮೆರವಣಿಗಿ ಬಂತು. ಬಾಯಾರು ಟ್ರಂಕಿನ ಮೇಲೆ ಕುಂತು ಮುಂಜಾನೆಯ ಬಸ್ಸಿನ ಲೆಕ್ಕ ಹಾಕುತ್ತಿದ್ದರು. “ಬಾಯಾರ, ಗೆದ್ದು ಬಂದೀವ್ರಿ! ಎಲ್ಲೀ ಬೀಳಗಿ, ಎಲ್ಲೀ ಬದ್ಲಿ!”

ಬಾಯಾರು ಟ್ರಂಕಿನ ಮೇಲಿಂದ ಎದ್ದು ಒಲಿ ಹಚ್ಚಿದರು. ಎಲ್ಲರಿಗೂ ಚಹಾ ಮಾಡಿ ಕೊಟ್ಟರು. ಹೆಂಗಸರು ಟ್ರಂಕು ಬಿಚ್ಚಿ ಸೀರಿಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದರು. ಒಬ್ಬ ಮುದುಕ ಹಾಸಿಗಿಯ ಸುರುಳಿ ಬಿಚ್ಚಿ ಹಾಸಿ, “ಮಲಕೋರಿ, ದಣದೀರಿ” ಅಂದ. ಎಲ್ಲ ಆದ ಮೇಲೆ ಗೌಡರು ಖಾಲಿ ಟ್ರಂಕನ್ನು ತಮ್ಮ ಹೆಗಲ ಮೇಲೆ ಇಟ್ಟುಕೊಂಡರು.

“ಇದು ನಮ್ಮ ಮನ್ಯಾಗ ಇರಲಿ ಬಾಯಾರ. ಕಣ್ಣ ಮುಂದ ಇದ್ರ ಮತ್ತ ತುಂಬೂ ಮನಸ್ಸಾಗತೈತಿ.”

ಕಪಾಳದ ಔಷಧ

ಆಗ ನನ್ನ ತಲಿ ಓಡಿತು. ನನ್ನ ತಲಿ ಓಡಿದರೆ ಕುದುರಿಗೂ ಸಿಗುವುದಿಲ್ಲ. ಬಾಯಾರು ಒಳ್ಳೆಯವರು ಅಂತ ತಾನೇ ಬಿಡಲೊಲ್ಲರು? ಕೆಟ್ಟವರು ಅನ್ನಿಸಿಬಿಟ್ಟರೆ ತಾವೇ ಬಿಡುತ್ತಾರೆ. ಕಟಿಂಗ ಅಂಗಡಿಗೆ ಹೋಗಿ ಕುಂತು ಶುರು ಮಾಡಿದೆ.

“ಬಾಯಾರು ಮೊದಲಿನಂಗ ಇಲ್ಲಪಾ. ನಿನ್ನೆ ಒಬ್ಬಂವಗ ಕಪಾಳಕ್ಕ ಬಿಟ್ರು. ನಾ ಕಣ್ಣಾರೆ ಕಂಡೀನಿ.”

ಕಟಿಂಗದವನು ಕತ್ತಿ ನಿಲ್ಲಿಸಿದ. “ಯಾಕ? ಏನಾಗಿತ್ತು ಅಂವಗ?”

“ಹಲ್ಲು ನೋವು ಅಂತ ಬಂದಿದ್ದ.”

“ಹೊಡದ ಮ್ಯಾಲ?”

“ಹೊಡದ ಮ್ಯಾಲೇನು, ಬಾಯಿ ಮುಚಗೊಂಡು ಮನಿಗೆ ಹೋದ.”

“ನೋವು ಅನ್ನಲಿಲ್ಲಾ?”

“ಎಲ್ಲೀದು ಅಂತಾನ!”

ಮರುದಿನ ದವಾಖಾನಿಯ ಬಾಗಿಲು ತೆರೆದರೆ ಹೊರಗೆ ಜಾತ್ರೆ. ನಮ್ಮೂರವರಷ್ಟೇ ಅಲ್ಲ, ದೂರದ ತುಬಚಿ ಊರಿನಿಂದಲೂ ಬಂದಿದ್ದರು. ಎಲ್ಲರೂ ಗಲ್ಲಕ್ಕೆ ಕೈ ಹಚ್ಚಿಕೊಂಡು ನಿಂತಿದ್ದಾರೆ. ಮುಂದಿನವನು ಬಾಯಾರ ಎದುರಿಗೆ ಮುಖ ಒಡ್ಡಿ ಕಣ್ಣು ಮುಚ್ಚಿಕೊಂಡ. “ಎಡಗಡೆ ದವಡಿ ನೋಡ್ರಿ ಬಾಯಾರ. ಸ್ವಲ್ಪ ಜೋರ ಇರಲಿ, ಭಾಳ ದಿನದ್ದೈತಿ.”

ಬಾಯಾರು ನನ್ನ ಕಡೆ ನೋಡಿದರು. ನಾನು ಮೇಲೆ ಜಂತಿ ನೋಡಿದೆ. ಅವರು ಎಲ್ಲರಿಗೂ ತಿಳಿಸಿ ಹೇಳಿ, ಲವಂಗದ ಎಣ್ಣಿ ಹಚ್ಚಿ, ಉಪ್ಪುನೀರು ಮುಕ್ಕಳಿಸಲು ಹೇಳಿ ಕಳಿಸಿದರು. ಒಬ್ಬ ಮಾತ್ರ ಹೋಗಲೊಲ್ಲ. ಮೆಟ್ಟಿಲ ಮೇಲೆ ಕುಂತು ಗೊಣಗುತ್ತಿದ್ದ.

“ಬಡವ್ರಂದ್ರ ಹಿಂಗ ನೋಡ್ರಿ. ಬರೇ ಎಣ್ಣಿ ಹಚ್ಚಿ ಕಳಸ್ತಾರ. ಅದ ಗೌಡ್ರು ಬಂದಿದ್ರ ಕಪಾಳಕ್ಕ ಹೊಡೀತಿದ್ರು.”

ಶಾಲು ಮತ್ತು ಉಡಿ

ಇಷ್ಟೆಲ್ಲ ಆದರೂ ಊರವರಿಗೆ ಸಮಾಧಾನವಿಲ್ಲ. ಬಾಯಾರಿಗೆ ಏನೂ ಮಾಡಿಲ್ಲ ನಾವು, ಒಂದು ದೊಡ್ಡ ಸತ್ಕಾರ ಮಾಡಬೇಕು ಅಂತ ಎದ್ದರು. ಚಾವಡಿಯ ಮುಂದೆ ಪೆಂಡಾಲು, ಮೈಕು, ಹಾರ, ಶಾಲು. ಬಾಯಾರನ್ನು ನಡುವಿನ ಕುರ್ಚಿಯಲ್ಲಿ ಕೂಡಿಸಿದರು. ಭಾಷಣಗಳು ಶುರುವಾದವು. ಬಾಯಾರ ಸೇವಾ ಹೊಗಳಲು ಎದ್ದವರು ತಮ್ಮ ತಮ್ಮ ರೋಗ ಹೊಗಳಿಕೊಂಡರು. ಒಬ್ಬ ಅಂಗಿ ಎತ್ತಿ ಹೊಟ್ಟಿಯ ಹೊಲಿಗಿಯನ್ನು ಮೈಕಿಗೆ ತೋರಿಸಿದ.

ಕಡೆಗೆ ಗೌಡರು ಎದ್ದರು. “ಈ ಬಾಯಾರು ನಮ್ಮವ್ವನ ಜೋಡಿ ಕುಂತು ಮಾತಾಡಿದ್ರು, ತಲಿ ಬಾಚಿದ್ರು. ಹೊಟ್ಯಾಗ ಹುಟ್ಟಿದ ನಾನೇ ಮಾಡಿದ್ದಿಲ್ಲ. ಇವತ್ತಿನಿಂದ ಇವರು ನರ್ಸಬಾಯಿ ಅಲ್ಲ, ನಮ್ಮೂರ ಮಗಳು! ಇನ್ನೊಂದು ಸಂತೋಷದ ಸುದ್ದಿ. ವಿಜಾಪುರದ ಸಾಹೇಬ್ರ ಕಡಿಂದ ಮಾತು ತಂದೀನಿ. ಬಾಯಾರು ರಿಟಾಯರ್ ಆಗೂತನಕ ಇಲ್ಲೇ!”

ಚಪ್ಪಾಳೆಗೆ ಪೆಂಡಾಲಿನ ಅರಿವೆ ಹರಿಯಿತು. ನಾನು ಬಾಯಾರ ಮುಖ ನೋಡಿದೆ. ಕೊರಳ ತುಂಬ ಹಾರ, ಮುಖದಲ್ಲಿ ಒಂದು ಹನಿ ರಕ್ತವಿಲ್ಲ.

ಆಗ ಗೌಡರ ಅವ್ವ ಬಡಿಗಿ ಊರುತ್ತ ವೇದಿಕೆ ಏರಿದಳು. “ಏನೋ, ಶಾಲು ಹೊಚ್ಚಿದ್ರ ಆತೇನು? ಮಗಳು ಅಂದ ಮ್ಯಾಲ ಉಡಿ ತುಂಬಬೇಕು” ಅಂದಳು. ಬಾಯಾರನ್ನು ಪೂರ್ವಕ್ಕೆ ಮುಖ ಮಾಡಿ ಕೂಡಿಸಿ, ಹಣಿಗೆ ಕುಂಕುಮ ಹಚ್ಚಿ, ಸೆರಗಿನ ಮಡಿಲಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಗುಳೇದಗುಡ್ಡದ ಖಣ ಎಲ್ಲ ತುಂಬಿದಳು. ಆಮೇಲೆ ಬಾಯಾರಿಗೆ ನಾಲ್ಕು ಮಾತು ಆಡಲು ಹೇಳಿದರು.

ಬಾಯಾರು ತುಂಬಿದ ಉಡಿ ಎರಡೂ ಕೈಯಲ್ಲಿ ಹಿಡಿದು ಮೈಕಿನ ಮುಂದೆ ನಿಂತರು.

“ಗೌಡ್ರು ನನ್ನ ಊರ ಮಗಳು ಅಂದ್ರು. ಯವ್ವ ಎಲ್ಲಾರ ಮುಂದ ಉಡಿ ತುಂಬಿದ್ರು. ನನಗ ಒಂದು ಮಾತು ಹೇಳ್ರಿ. ತವರಮನಿಯವರು ಉಡಿ ತುಂಬಿ ಮಗಳನ್ನ ಎಲ್ಲಿಗೆ ಕಳಸ್ತಾರ್ರಿ?”

ಹಿಂದೆ ಕುಂತ ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ “ಗಂಡನ ಮನಿಗೆ” ಅಂದಳು. ಮತ್ತೊಬ್ಬಳು ಅಂದಳು. ಆಮೇಲೆ ಎಲ್ಲರೂ ಅಂದರು.

ಮುದುಕಿ ಮಗನ ಕಡೆ ತಿರುಗಿದಳು. “ಕೇಳಿದೇನೋ? ಉಡಿ ತುಂಬಿದ ಹೆಣ್ಣಮಗಳನ್ನ ಕೂಡಿ ಹಾಕಿದ್ರ ಇದು ತವರು ಅನಸ್ಕೋತೈತೇನು? ಕೂಸಿನ ತಾಯಿ ಅದು!”

“ಯವ್ವಾ, ಸಾಹೇಬ್ರ ಕಡಿಂದ ಮಾತು ತಗೊಂಡ ಬಂದೀನಿ...”

“ಸಾಹೇಬಗ ಉಡಿ ತುಂಬೀದಿ ಏನು?”

ಮತ್ತೆ ಲಾರಿ ಕಟ್ಟಿದರು. ಈ ಸಲ ನಾನೂ ಹೋದೆ. ವಿಜಾಪುರದ ಸಾಹೇಬರಿಗೆ ಸಿಟ್ಟು ಬಂತು. “ಹೋದ ಸಲ ಬಿಡೂದಿಲ್ಲ ಅಂದ್ರಿ. ಈಗ ಕಳಸ್ರಿ ಅಂತೀರಿ. ಏನು ತಪ್ಪು ಮಾಡ್ಯಾಳ ಆಕಿ?”

ಗೌಡರು ತಲಿ ಕೆಳಗೆ ಹಾಕಿದರು. “ತಪ್ಪು ಏನಿಲ್ರಿ. ಉಡಿ ತುಂಬೀವ್ರಿ.”

ಸಾಹೇಬರೂ ನಮ್ಮ ಕಡೆಯವರೇ. ಪೆನ್ನು ತೆಗೆದರು. “ಉಡಿ ತುಂಬಿದ ಮ್ಯಾಲ ನನ್ನ ಏನು ಕೇಳ್ತೀರಿ? ಮೊದಲ ಕಳಸ್ರಿ.”

ಉಡಿಯ ಮಾತು ಬಾಯಾರಿಗೆ ನಾನೇ ಹೇಳಿಕೊಟ್ಟದ್ದು ಅಂತ ಆಮೇಲೆ ನಾನು ಊರೆಲ್ಲ ಹೇಳಿಕೊಂಡು ಬಂದೆ. ಬಾಯಾರು ಒಂದು ದಿನವೂ ಇಲ್ಲ ಅನ್ನಲಿಲ್ಲ. ಅಂದ ಮೇಲೆ ನಾನೇ ಹೇಳಿಕೊಟ್ಟಿರಬೇಕು.

ಪಂಚಮಿ

ರೊಟ್ಟಿ ಬುತ್ತಿ, ಶೇಂಗಾ ಹೋಳಿಗಿ ಕಟ್ಟಿ, ಊರೇ ಬಸ್ ಸ್ಟ್ಯಾಂಡಿಗೆ ಹೋಗಿ ಅತ್ತು ಬಾಯಾರನ್ನು ಬೀಳಗಿಗೆ ಕಳಿಸಿತು. ಇಲ್ಲಿಗೆ ಮುಗಿಯಿತು ಅಂತ ನಾನು ಕಾಲು ಚಾಚಿ ಕುಂತೆ. ಎಲ್ಲಿ ಮುಗಿಯುತ್ತದೆ? ನಮ್ಮ ಮಂದಿ ಪದ್ಧತಿ ಹಿಡಿದರೆ ಅರ್ಧಕ್ಕೆ ಬಿಡುವವರಲ್ಲ. ತವರಮನಿ ಅಂದ ಮೇಲೆ ಪಂಚಮಿ ಹಬ್ಬಕ್ಕೆ ಮಗಳನ್ನು ಕರೆತರಬೇಕಲ್ಲ!

ಅದು ಗೊತ್ತಾದದ್ದೇ ತಡ, ಊರಲ್ಲಿ ದವಾಖಾನಿಗೆ ಬರುವುದನ್ನೇ ಬಿಟ್ಟರು. “ಕೆಮ್ಮಾಕತ್ತಿ, ಬಾರೋ” ಅಂದರೆ, “ಇರಲಿ ಬಿಡ್ರಿ, ಪಂಚಮಿಗೆ ಬಾಯಾರು ಬರ್ತಾರಲ್ಲ” ಅನ್ನುವುದು. ಒಬ್ಬ ಕಾಲಲ್ಲಿ ಮುಳ್ಳು ಮುರಿಸಿಕೊಂಡು ಪಂಚಮಿಯ ತನಕ ಅಂತ ಒಂಟಿಗಾಲಲ್ಲೇ ಹೊಲ ಉತ್ತ. ಡಾಕ್ಟರ್ ಸಾಹೇಬರು ಖಾಲಿ ದವಾಖಾನಿಯಲ್ಲಿ ಕುಂತು ನೊಣ ಹೊಡೆದು ಹೊಡೆದು ಅದರಲ್ಲಿ ಪಳಗಿದರು.

ಹಬ್ಬಕ್ಕೆ ಕರೆಯಲು ನಾನೇ ಬೀಳಗಿಗೆ ಹೋದೆ. ಬಾಯಾರು ಮಗಳನ್ನು ತೊಡಿಯ ಮೇಲೆ ಕೂಡಿಸಿಕೊಂಡು ಬಂದರು. ದಾರಿ ತುಂಬ ಆ ಕೂಸಿನದು ಒಂದೇ ರಾಗ, ಅವ್ವಾ ಅದೇನು, ಅವ್ವಾ ಇದೇನು. ಬಾಯಾರು ಒಂದಕ್ಕೂ ಬೇಸರ ಮಾಡಲಿಲ್ಲ.

ಊರ ಮುಂದಿನ ಆಲದ ಮರಕ್ಕೆ ನಾನು ಜೋಕಾಲಿ ಕಟ್ಟಿದ್ದೆ. ಎಂಥ ಜೋಕಾಲಿ! ಮುಂದೆ ಜೀಕಿದರೆ ಮುಧೋಳ ಕಾಣಬೇಕು, ಹಿಂದೆ ಜೀಕಿದರೆ ಜಮಖಂಡಿ ಕಾಣಬೇಕು. ಬಾಯಾರು ಮಗಳ ಜೋಡಿ ಕುಂತರು. ಹೆಂಗಸರು ಹಗ್ಗ ಜಗ್ಗಿದರು. ನೋಡಿದರೆ ಎರಡೂ ಕಡೆ ತೋಳು ಏರಿಸಿಕೊಂಡ ಮಂದಿಯ ಪಾಳಿ! ಮರದ ಬುಡದಲ್ಲಿ ಡಾಕ್ಟರ್ ಸಾಹೇಬರೇ ಚೀಟಿ ಬರೆಯುತ್ತ ಕುಂತುಬಿಟ್ಟಿದ್ದರು. ಸ್ಟೋವಿನ ಮೇಲೆ ಸೂಜಿ ಕುದಿಯುತ್ತಿದ್ದವು.

ಬಾಯಾರು ಇಳಿಯಲು ಹೋದರು. ಎಲ್ಲರೂ ಕೂಗಿದರು. “ಇಳೀಬ್ಯಾಡ್ರಿ ಬಾಯಾರ! ಹಬ್ಬಕ್ಕ ಬಂದ ಮಗಳು, ಆರಾಮ ಆಡ್ರಿ. ನಾವ ತೋಳು ಒಡ್ತೀವಿ.”

ನಂಬಿದರೆ ನಂಬ್ರಿ, ಬಿಟ್ಟರೆ ಬಿಡ್ರಿ. ಜೋಕಾಲಿ ಮುಂದೆ ಹೋದಾಗ ಮುಂದಿನ ಪಾಳಿಗೊಂದು ಸೂಜಿ, ಹಿಂದೆ ಬಂದಾಗ ಹಿಂದಿನ ಪಾಳಿಗೊಂದು. ಮಗಳು ತೊಡಿಯ ಮೇಲೆ ಕುಂತು ಹತ್ತಿ ಕೊಡುತ್ತಿತ್ತು. ಬಾಯಾರು ಹೋಗುತ್ತ “ಹೊಲಾ ಹೆಂಗೈತ್ರಿ?” ಅಂತ ಕೇಳಿದರೆ, ಬರುವಾಗ ಅವನ ಉತ್ತರ ತಯಾರಿರುತ್ತಿತ್ತು. ಊರಿನ ಅರ್ಧ ಜ್ವರ ಮಧ್ಯಾಹ್ನದೊಳಗೆ ಇಳಿಯಿತು.

ಕಡೆಗೆ ಗೌಡರು ಬಂದರು. ಅವರಿಗೆ ಬರೆದ ಸೂಜಿ ತೋಳಿಗೆ ಮಾಡುವಂಥದ್ದಲ್ಲ. ಹಿರೇ ಮನುಷ್ಯ, ಎಲ್ಲರ ಎದುರಿಗೆ ಹೆಂಗೆ ಅಂತ ಅತ್ತಿತ್ತ ನೋಡಿ, ಧೋತರ ಸ್ವಲ್ಪ ಸಡಿಲು ಮಾಡಿ, ಬೆನ್ನು ತಿರುಗಿಸಿ ಬಗ್ಗಿ ನಿಂತರು. ಅದೇ ಹೊತ್ತಿಗೆ ಹಗ್ಗ ಜಗ್ಗುವ ಹೆಂಗಸರ ನಡುವೆ ಗೌಡರ ಅವ್ವ ಬಂದು ಸೇರಿ, ಇದ್ದಬದ್ದ ಬಲ ಹಾಕಿ ಜಗ್ಗಿದಳು. ಜೋಕಾಲಿ ಜಮಖಂಡಿಯ ತನಕ ಹೋಗಿ, ಅಲ್ಲಿಂದ ಸುಂಯ್ ಅಂತ ಬಂತು. ಗೌಡರು ಹೊಡೆದ ಚೀರಿಗೆ ಆಲದ ಮರದ ಹಕ್ಕಿಗಳೆಲ್ಲ ಎದ್ದು ಬನಹಟ್ಟಿಗೆ ಹೋದವು, ಮತ್ತೆ ಬರಲಿಲ್ಲ.

ಆಮೇಲೆ ಎಲ್ಲರೂ ಹಬ್ಬದ ಊಟಕ್ಕೆ ಕುಂತರು. ಗೌಡರು ಮಾತ್ರ ತಾಟು ಕೈಯಲ್ಲಿ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದರು. ಬಾಯಾರೇ ಎದ್ದು ಹೋಗಿ ಮಣೆ ಹಾಕಿ, “ಕುಂಡ್ರಿ ಗೌಡ್ರ” ಅಂದರು.

ಗೌಡರು ಕಣ್ಣೀರು ಒರೆಸಿಕೊಂಡರು.

“ಬ್ಯಾಡ್ರಿ ಬಾಯಾರ. ನಿಮ್ಮ ಗೌರವಕ್ಕ ಇವತ್ತ ನಾ ನಿಂತ ಉಣ್ಣಾಂವ.”